ಗೆರೆ ಎಳೆಯುವ ಮುನ್ನ ನಡೆದು ನೋಡಬೇಕು

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಭಾನುವಾರದ ಸಭೆಯಲ್ಲಿ, ಡ್ರೋನ್ ಮೋಜಣಿಗೆ ಗಡಿಯ ಕಡತ ಸಿದ್ಧಪಡಿಸುವ ವಿಷಯವಾಗಿ ಮಾಡಿದ ಭಾಷಣದ ಪಾಠ.)



ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರು ಇಲ್ಲಿದ್ದೀರಿ. ಭಾನುವಾರದ ವ್ಯಾಪಾರವನ್ನು ಮಗನ ಕೈಗೆ ಬಿಟ್ಟು ಬಂದ ಅಂಗಡಿಕಾರರೂ ಇದ್ದೀರಿ. ಇಂಥ ಸಭೆಯಲ್ಲಿ ಕಂಪ್ಯೂಟರಿನ ಕಡತದ ಮಾತು ಏಕೆ ಎಂದು ಕೆಲವರು ಬಾಗಿಲಲ್ಲಿಯೇ ನನ್ನನ್ನು ಕೇಳಿದರು. ಕೂಲಿಯ ಮಾತು ಆಡಿ, ಬಾಡಿಗೆಯ ಮಾತು ಆಡಿ, ಆಕಾಶದಲ್ಲಿ ಹಾರುವ ಯಂತ್ರದ ಗೊಡವೆ ನಮಗೇಕೆ ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಯಂತ್ರ ಹಾರುವುದು ಆಕಾಶದಲ್ಲಾದರೂ ಅದು ಬರೆದುಕೊಳ್ಳುವುದು ನಿಮ್ಮ ಮನೆಯ, ನಿಮ್ಮ ಅಂಗಡಿಯ ನೆಲದ ಲೆಕ್ಕವನ್ನು. ಅದು ಎಲ್ಲಿಂದ ಎಲ್ಲಿಯವರೆಗೆ ಹಾರಬೇಕು ಎಂಬುದನ್ನು ತೀರ್ಮಾನಿಸುವುದು ಒಂದು ಸಣ್ಣ ಗಡಿಯ ಕಡತ. ಆ ಕಡತವನ್ನು ಹೇಗೆ ಮಾಡುತ್ತಾರೆ, ಎಲ್ಲೆಲ್ಲಿ ತಪ್ಪು ನುಸುಳುತ್ತದೆ, ತಪ್ಪಿದರೆ ಯಾರಿಗೆ ನಷ್ಟ, ಇಷ್ಟನ್ನು ಈ ದಿನ ಹೇಳುತ್ತೇನೆ.

ಮೊದಲು ಹಿನ್ನೆಲೆ. ೨೦೨೦ನೆಯ ಇಸವಿ ಏಪ್ರಿಲ್ ೨೪ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಎಂಬ ಯೋಜನೆಯನ್ನು ಆರಂಭಿಸಿತು. ಹೊಲಗದ್ದೆಗಳಿಗೆ ಸರ್ವೇ ನಂಬರು, ಟಿಪ್ಪಣಿ, ಪಹಣಿ ಎಂದು ದಾಖಲೆಗಳುಂಟು. ಆದರೆ ಹಳ್ಳಿಯ ಜನ ವಾಸಮಾಡುವ ಗ್ರಾಮಠಾಣಾದ ಒಳಗೆ ಯಾರ ಮನೆ ಎಷ್ಟು ಅಗಲ, ಎಷ್ಟು ಉದ್ದ ಎಂಬುದಕ್ಕೆ ಬಹಳ ಕಡೆ ಸರಿಯಾದ ನಕಾಶೆಯೇ ಇರಲಿಲ್ಲ. ಅದನ್ನು ಡ್ರೋನಿನಿಂದ ಚಿತ್ರ ತೆಗೆದು ತಯಾರಿಸಿ, ಮನೆಯವರಿಗೆ ಆಸ್ತಿಯ ಕಾರ್ಡು ಕೊಡುವುದು ಆ ಯೋಜನೆಯ ಉದ್ದೇಶ. ಮೊದಲ ಪ್ರಯೋಗಕ್ಕೆ ಆರಿಸಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಹಾರಾಟದ ಹೊಣೆ ೧೭೬೭ರಿಂದ ಈ ದೇಶವನ್ನು ಅಳೆಯುತ್ತ ಬಂದಿರುವ ಭಾರತೀಯ ಸರ್ವೇಕ್ಷಣಾ ಇಲಾಖೆಯದು. ಇದು ಹಳ್ಳಿಯ ಮಾತಾಯಿತು ಎಂದು ಪೇಟೆಯವರು ಸುಮ್ಮನಿರುವಂತಿಲ್ಲ. ೨೦೨೫ರ ಫೆಬ್ರವರಿ ೧೮ರಂದು ನಕ್ಷಾ ಎಂಬ ಹೆಸರಿನಲ್ಲಿ ಪಟ್ಟಣಗಳ ನೆಲವನ್ನೂ ಆಕಾಶದಿಂದ ಅಳೆಯುವ ಕೆಲಸ ಆರಂಭವಾಯಿತು. ಮೊದಲ ಹಂತಕ್ಕೆ ೨೬ ರಾಜ್ಯ, ೩ ಕೇಂದ್ರಾಡಳಿತ ಪ್ರದೇಶಗಳ ೧೫೨ ಪಟ್ಟಣಗಳನ್ನು ತೆಗೆದುಕೊಂಡರು. ಈ ದಿನ ಪಕ್ಕದ ಹಳ್ಳಿಯ ಮೇಲೆ ಹಾರುವ ಯಂತ್ರ ನಾಳೆ ನಿಮ್ಮ ಅಂಗಡಿಯ ಸಾಲಿನ ಮೇಲೂ ಹಾರೀತು.

ಈ ಕೆಲಸದಲ್ಲಿ ಗೆರೆಗಳು ಮೂರು. ಇವನ್ನು ಒಂದರೊಡನೊಂದು ಕಲಸಿಕೊಳ್ಳಬಾರದು. ಮೊದಲನೆಯದು ಹಾರಾಟದ ಗೆರೆ: ಯಂತ್ರ ಇಷ್ಟರ ಮೇಲೆ ಹಾರಿ ಚಿತ್ರ ತೆಗೆಯತಕ್ಕದ್ದು ಎಂಬ ಎಲ್ಲೆ. ಎರಡನೆಯದು ಊರಿನ ಗೆರೆ: ಗ್ರಾಮಠಾಣಾದ ಅಥವಾ ವಾರ್ಡಿನ ಎಲ್ಲೆ. ಮೂರನೆಯದು ಮನೆಯ ಗೆರೆ: ನಿಮ್ಮ ಗೋಡೆಗೂ ಪಕ್ಕದವರ ಗೋಡೆಗೂ ನಡುವಣ ಎಲ್ಲೆ. ಹಾರಾಟದ ಗೆರೆಯೊಳಗೆ ಬಂದ ಮಾತ್ರಕ್ಕೆ ಯಾರಿಗೂ ಹಕ್ಕು ಬರುವುದಿಲ್ಲ. ಆದರೆ ಅದರ ಹೊರಗೆ ಬಿದ್ದವನ ಮನೆ ಚಿತ್ರದಲ್ಲೇ ಇರುವುದಿಲ್ಲ. ಚಿತ್ರದಲ್ಲಿಲ್ಲದ ಮನೆಯನ್ನು ತೋರಿಸಿ ಆತ ಯಾರ ಮುಂದೆ ವಾದ ಮಾಡಬೇಕು?

ಇದು ಊಹೆಯ ಮಾತಲ್ಲ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಪಟ್ಟಣಕ್ಕೆ ಅಂಟಿದ ಹಳ್ಳಿ. ಗಿರಣಿಗೆ ಹೋಗುವವರು ಅಲ್ಲಿ ಬಹಳ. ಮೋಜಣಿಯ ಸಿದ್ಧತೆಗೆಂದು ಬಂದಿದ್ದ ಹುಡುಗನೊಬ್ಬ ಪಂಚಾಯಿತಿಯ ಕೋಣೆಯಲ್ಲಿ ಕಂಪ್ಯೂಟರು ಬಿಚ್ಚಿಕೊಂಡು ಕುಳಿತಿದ್ದ. ಕೆಲಸ ಬಲ್ಲವನು, ಮರ್ಯಾದಸ್ಥ. "ಮೇಷ್ಟ್ರೇ, ಓಣಿಗಳ ಹೆಸರು ಗೊತ್ತಿದ್ದರೆ ಸ್ವಲ್ಪ ಹೇಳಿ" ಎಂದು ನನ್ನನ್ನು ಕೂರಿಸಿಕೊಂಡ. ಪರದೆಯ ಮೇಲೆ ಊರಿನ ಸುತ್ತ ಕೆಂಪು ಗೆರೆ. ನೋಡುತ್ತ ಹೋದೆ. ದೇವಸ್ಥಾನವಿದೆ, ಶಾಲೆಯಿದೆ, ಗೌಡರ ಮನೆಯಿದೆ, ಹಿಟ್ಟಿನ ಗಿರಣಿಯಿದೆ. ಹಳ್ಳದ ಆಚೆಯ ಹನ್ನೊಂದು ಮನೆ ಮಾತ್ರ ಗೆರೆಯ ಹೊರಗೆ ನಿಂತಿವೆ. "ತಮ್ಮಾ, ಇವರು ಯಾರ ಊರಿನವರು?" ಎಂದೆ. ಅವನು ಹಳೆಯ ನಕಾಶೆಯನ್ನು ತೋರಿಸಿದ. ಹಳೆಯ ನಕಾಶೆಯಲ್ಲಿ ಠಾಣಾದ ಗೆರೆ ಹಳ್ಳಕ್ಕೇ ನಿಂತಿತ್ತು. ಆ ಕಾಲಕ್ಕೆ ಹಳ್ಳದಾಚೆ ಮನೆಯಿರಲಿಲ್ಲ. ಹುಡುಗ ಮೋಸ ಮಾಡಲಿಲ್ಲ. ಕಾಗದ ಹೇಳಿದ್ದನ್ನು ಮಾಡಿದ. ಕಾಗದಕ್ಕೆ ಕಾಲಿಲ್ಲ, ಅದು ಹಳ್ಳ ದಾಟಿ ನೋಡಿಬರಲಾರದು. ಆ ಕೆಲಸ ಮನುಷ್ಯನದು.

ಈಗ ಕಡತ ಎಂದರೆ ಏನೆಂದು ನೋಡೋಣ. ನಮ್ಮ ತಾಯಂದಿರು ಹೊಸ್ತಿಲ ಮುಂದೆ ರಂಗೋಲಿ ಹಾಕುವಾಗ ಮೊದಲು ಚುಕ್ಕಿ ಇಡುತ್ತಾರೆ, ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುತ್ತಾರೆ. ಗಡಿಯ ಕಡತವೂ ಅಷ್ಟೇ. ಅದರೊಳಗೆ ಇರುವುದು ಚುಕ್ಕಿಗಳ ಪಟ್ಟಿ. ಒಂದೊಂದು ಚುಕ್ಕಿಗೂ ಭೂಮಿಯ ಮೇಲೆ ಅದು ಎಲ್ಲಿದೆ ಎಂದು ಹೇಳುವ ಎರಡು ಅಂಕಿ: ರೇಖಾಂಶ, ಅಕ್ಷಾಂಶ. ಚುಕ್ಕಿಗಳನ್ನು ಸಾಲಾಗಿ ಸೇರಿಸುತ್ತ ಹೋಗಿ, ಕೊನೆಗೆ ಮೊದಲನೆಯ ಚುಕ್ಕಿಗೇ ಬಂದು ಮುಚ್ಚಬೇಕು. ಮುಚ್ಚದಿದ್ದರೆ ಒಳಗು ಯಾವುದು, ಹೊರಗು ಯಾವುದು ಎಂದು ಯಂತ್ರಕ್ಕೆ ತಿಳಿಯದು. ಸಾಲು ತಪ್ಪಿ ಚುಕ್ಕಿ ಸೇರಿಸಿದರೆ ಗೆರೆ ತನ್ನನ್ನು ತಾನೇ ದಾಟಿ ಡಮರುವಿನಂತಾಗುತ್ತದೆ. ಅರ್ಧ ಊರು ಕೈಬಿಟ್ಟುಹೋಗಬಹುದು. ಇಂಥ ಪಟ್ಟಿಯನ್ನು ಬರೆಯುವ ಒಂದು ಪದ್ಧತಿಗೆ ಕೆಎಂಎಲ್ ಎಂದು ಹೆಸರು. ೨೦೦೮ರಲ್ಲಿ ಇದನ್ನು ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಿದರು. ಹಾರಾಟದ ಯೋಜನೆ ಮಾಡುವ ಬಹುಪಾಲು ಸಾಧನಗಳು ಇದನ್ನು ಓದಬಲ್ಲವು.

ಇಲ್ಲಿ ಮೊದಲನೆಯ ಗುಂಡಿ. ನಾವು ಶಾಲೆಯಲ್ಲಿ ಅಕ್ಷಾಂಶ-ರೇಖಾಂಶ ಎಂದು ಹೇಳಿ ರೂಢಿ. ಕೆಎಂಎಲ್ ಕಡತದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಬೆಂಗಳೂರಿನ ಹತ್ತಿರದ ಒಂದು ಜಾಗಕ್ಕೆ ೭೭, ೧೩ ಎಂದು ಬರೆಯಬೇಕಾದಲ್ಲಿ ೧೩, ೭೭ ಎಂದು ಬರೆದರೆ, ಊರು ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಈ ತಪ್ಪು ದೊಡ್ಡದು, ಆದ್ದರಿಂದ ಕೂಡಲೇ ಕಣ್ಣಿಗೆ ಬೀಳುತ್ತದೆ. ಹೆದರಬೇಕಾದದ್ದು ಸಣ್ಣ ತಪ್ಪಿಗೆ.

ಸಣ್ಣ ತಪ್ಪನ್ನು ನಾನೇ ಮಾಡಿದೆ. ಹಳ್ಳದ ಆಚೆಯ ಮನೆಗಳ ಮೂಲೆಯಲ್ಲಿ ನಿಂತು ಫೋನಿನಲ್ಲಿ ಅಂಕಿ ನೋಡಿದೆ: ಅಕ್ಷಾಂಶ ೧೪ ಡಿಗ್ರಿ ೨೭ ಮಿನಿಟು. ಹುಡುಗನಿಗೆ "ಹದಿನಾಲ್ಕು ಪಾಯಿಂಟ್ ಎರಡು ಏಳು" ಎಂದು ಕೂಗಿ ಹೇಳಿದೆ. ಅವನು ಹಾಗೆಯೇ ಒತ್ತಿದ. ಪರದೆಯ ಮೇಲೆ ಗೆರೆ ಬಾಣದಂತೆ ದಕ್ಷಿಣಕ್ಕೆ ಓಡಿಹೋಯಿತು. ಒಂದು ಡಿಗ್ರಿಗೆ ಅರುವತ್ತು ಮಿನಿಟು, ನೂರಲ್ಲ. ೨೭ ಮಿನಿಟೆಂದರೆ ೦.೪೫ ಡಿಗ್ರಿ, ಬರೆಯಬೇಕಾದದ್ದು ೧೪.೪೫. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು ೧೧೧ ಕಿಲೋಮೀಟರು. ನನ್ನ ಒಂದು ಬಾಯಿಮಾತಿಗೆ ಮನೆಯ ಮೂಲೆ ೨೦ ಕಿಲೋಮೀಟರು ದೂರ ಹೋಗಿತ್ತು. ಹತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿದವನು ನಾನು! ಹುಡುಗ ನಕ್ಕ, ನಾನೂ ನಕ್ಕೆ. ಆಮೇಲೆ ಪ್ರತಿಯೊಂದು ಅಂಕಿಯನ್ನೂ ಕಾಗದದ ಮೇಲೆ ಬರೆದು ಎರಡು ಸಲ ಓದಿದೆವು. ದಶಾಂಶದ ನಂತರ ಐದು ಸ್ಥಾನ ಬರೆದರೆ ಸುಮಾರು ಒಂದು ಮೀಟರಿನ ಹಿಡಿತ ಬರುತ್ತದೆ. ಆದರೆ ಫೋನು ತೋರಿಸುವ ಜಾಗವೇ ಬಯಲಿನಲ್ಲಿಯೂ ಕೆಲವು ಮೀಟರು ಆಚೀಚೆ ಇರುತ್ತದೆಂಬುದನ್ನು ಮರೆಯಬಾರದು. ಹಾರಾಟದ ಗೆರೆಗೆ ಫೋನಿನ ಅಳತೆ ಸಾಕು. ಮನೆಯ ಗೆರೆಗೆ ಅದು ಸಲ್ಲದು.

ಎರಡನೆಯ ಗುಂಡಿ ಹಳೆಯ ನಕಾಶೆಯಲ್ಲಿದೆ. ನಮ್ಮ ಹಳ್ಳಿಯ ನಕಾಶೆಗಳು ಸಾಮಾನ್ಯವಾಗಿ ೧ಕ್ಕೆ ೭೯೨೦ರ ಪ್ರಮಾಣದವು. ಮೈಲಿಗೆ ಎಂಟು ಅಂಗುಲ. ಲೆಕ್ಕ ಹಾಕಿ ನೋಡಿ. ಕಾಗದದ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ ಸುಮಾರು ಎಂಟು ಮೀಟರು. ಅರ್ಧ ಮಿಲಿಮೀಟರು ದಪ್ಪದ ಪೆನ್ಸಿಲ್ ಗೆರೆ ಎಳೆದರೆ ಆ ಗೆರೆಯ ದಪ್ಪವೇ ನಾಲ್ಕು ಮೀಟರು! ಇಲ್ಲಿ ಕುಳಿತಿರುವ ಎಷ್ಟು ಮಂದಿ ಅಂಗಡಿಕಾರರ ಮುಂಭಾಗ ನಾಲ್ಕು ಮೀಟರು ಇದೆ? ಒಂದು ಅಂಗಡಿ ಪೂರ್ತಿಯಾಗಿ ಪೆನ್ಸಿಲ್ ಗೆರೆಯೊಳಗೆ ಮುಳುಗಿಹೋಗುತ್ತದೆ. ಸ್ವಾಮಿತ್ವದಲ್ಲಿ ತಯಾರಿಸುವ ಹೊಸ ನಕಾಶೆ ೧ಕ್ಕೆ ೫೦೦ರ ಪ್ರಮಾಣದ್ದು. ಅದರಲ್ಲಿ ಒಂದು ಮಿಲಿಮೀಟರಿಗೆ ಅರ್ಧ ಮೀಟರು. ಹಳೆಯ ಕಾಗದದ ಗೆರೆಯನ್ನು ಹಾಗೆಯೇ ಎತ್ತಿ ಹೊಸ ಕೆಲಸಕ್ಕೆ ಹಚ್ಚಬಾರದೆಂದು ಇದರಿಂದಲೇ ತಿಳಿಯುತ್ತದೆ.

ಹಳೆಯ ನಕಾಶೆಯನ್ನು ಬಿಸಾಡಬೇಕೆಂದು ನಾನು ಹೇಳುತ್ತಿಲ್ಲ. ಅದು ದಾಖಲೆ. ಅದನ್ನು ನೆಲಕ್ಕೆ ಕೂಡಿಸುವ ವಿಧಾನ ಒಂದುಂಟು. ನಕಾಶೆಯಲ್ಲಿಯೂ ಇರುವ, ಇಂದಿಗೂ ನೆಲದ ಮೇಲೆ ಸಿಕ್ಕುವ ಗುರುತುಗಳನ್ನು ಹುಡುಕಬೇಕು: ಮೂರು ಹಳ್ಳಿಗಳ ಗಡಿ ಸೇರುವ ಕಲ್ಲು, ಅಲುಗಾಡದ ಬಾಂದುಕಲ್ಲು, ಕೆರೆಯ ತೂಬು, ಹಳೆಯ ಬಾವಿ. ಹಳ್ಳದ ದಂಡೆಯನ್ನೂ ಗಾಡಿದಾರಿಯನ್ನೂ ನಂಬಬಾರದು, ಅವು ಸರಿಯುತ್ತವೆ. ಇಂಥ ಗುರುತು ನಾಲ್ಕಕ್ಕೆ ಕಡಿಮೆಯಿಲ್ಲದೆ ಬೇಕು. ಊರಿನ ನಾಲ್ಕು ದಿಕ್ಕಿಗೂ ಹರಡಿರಬೇಕು. ಎಲ್ಲವೂ ಒಂದೇ ರಸ್ತೆಯ ಮೇಲಿದ್ದರೆ ರಸ್ತೆಯ ಬಳಿ ನಕಾಶೆ ಸರಿ ಕೂರುತ್ತದೆ, ದೂರದ ಕೇರಿಯಲ್ಲಿ ತಿರುಚಿಕೊಳ್ಳುತ್ತದೆ. ಇನ್ನೊಂದು ಮಾತು. ಸರ್ವೇಕ್ಷಣಾ ಇಲಾಖೆಯ ಹಳೆಯ ನಕಾಶೆಗಳ ಅಕ್ಷಾಂಶ-ರೇಖಾಂಶದ ಲೆಕ್ಕಕ್ಕೆ ಎವರೆಸ್ಟ್ ಎಂಬ ಹೆಸರಿನ ಭೂಮಾನ ಆಧಾರ. ಇಂದಿನ ಉಪಗ್ರಹದ ಲೆಕ್ಕಕ್ಕೆ ಡಬ್ಲ್ಯುಜಿಎಸ್ ೮೪ ಎಂಬುದು ಆಧಾರ. ಒಂದರ ಅಂಕಿಯನ್ನು ಇನ್ನೊಂದರದೆಂದು ತಿಳಿದರೆ ಗೆರೆ ನೂರು ಮೀಟರಿಗೂ ಹೆಚ್ಚು ಸರಿಯಬಹುದು. ಗೆರೆಯ ಆಕಾರ ಚೆಂದವಾಗಿಯೇ ಕಾಣುತ್ತದೆ, ಆದರೆ ಊರು ಪಕ್ಕದ ಹೊಲಕ್ಕೆ ಹೋಗಿ ಕುಳಿತಿರುತ್ತದೆ.

ಡಿಗ್ರಿಯ ಬದಲು ಮೀಟರಿನಲ್ಲಿ ಬರೆಯುವ ಪದ್ಧತಿಯೂ ಇದೆ. ಅದಕ್ಕಾಗಿ ಭೂಮಿಯನ್ನು ಆರಾರು ಡಿಗ್ರಿಯ ಅರುವತ್ತು ಪಟ್ಟಿಗಳಾಗಿ ಸೀಳಿದ್ದಾರೆ. ಕರ್ನಾಟಕದ ಬಹುಭಾಗ ೪೩ನೆಯ ಪಟ್ಟಿಯಲ್ಲಿದೆ. ಆದರೆ ೭೮ನೆಯ ರೇಖಾಂಶ ದಾಟಿದರೆ ೪೪ನೆಯ ಪಟ್ಟಿ. ಕೋಲಾರ, ಚಿನ್ನದ ಗಣಿಯ ಕೆಜಿಎಫ್ ಆ ಪಟ್ಟಿಗೆ ಸೇರಿದವು. ಬೆಂಗಳೂರಿನಲ್ಲಿ ಕುಳಿತವನು ರೂಢಿಯ ಮೇಲೆ ಕೋಲಾರದ ಹಳ್ಳಿಗೂ ೪೩ ಎಂದು ಗುರುತು ಹಾಕಿದರೆ ಆ ಹಳ್ಳಿ ಸುಮಾರು ೬೫೦ ಕಿಲೋಮೀಟರು ಪಶ್ಚಿಮಕ್ಕೆ, ಅರಬ್ಬೀ ಸಮುದ್ರದೊಳಗೆ ಬೀಳುತ್ತದೆ. ಶೇಪ್‌ಫೈಲ್ ಎಂಬ ಬಗೆಯ ಕಡತದಲ್ಲಿ ಈ ಅಪಾಯ ಹೆಚ್ಚು. ಹೆಸರಿಗೆ ಅದು ಒಂದು, ನಿಜದಲ್ಲಿ ಹಲವು ಕಡತಗಳ ಗುಂಪು: ಒಂದರಲ್ಲಿ ಆಕಾರ, ಇನ್ನೊಂದರಲ್ಲಿ ಹೆಸರಿನ ಪಟ್ಟಿ, ಮತ್ತೊಂದರಲ್ಲಿ ಯಾವ ಪದ್ಧತಿಯ ಅಳತೆ ಎಂಬ ಮಾತು. ಕಳಿಸುವಾಗ ಆ ಕೊನೆಯದನ್ನು ಬಿಟ್ಟರೆ, ಪಡೆದವನು ಅಂದಾಜಿನ ಮೇಲೆ ಹೋಗಬೇಕಾಗುತ್ತದೆ.

ಇನ್ನು ಹಾರಾಟ. ಮಗ್ಗದ ಮೇಲೆ ಕೆಲಸ ಮಾಡುವವರಿಗೆ ಇದನ್ನು ತಿಳಿಸುವುದು ಸುಲಭ. ಡ್ರೋನು ಲಾಳಿಯ ಹಾಗೆ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಓಡಾಡುತ್ತ ಚಿತ್ರ ತೆಗೆಯುತ್ತದೆ. ಚಿತ್ರಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರಬೇಕು. ಮುಂದಿನ ಚಿತ್ರ ಹಿಂದಿನದರ ಮೇಲೆ ನೂರಕ್ಕೆ ಎಂಬತ್ತರಷ್ಟು, ಪಕ್ಕದ ಸಾಲು ಈ ಸಾಲಿನ ಮೇಲೆ ನೂರಕ್ಕೆ ಅರುವತ್ತು ಎಪ್ಪತ್ತರಷ್ಟು ಬರುವಂತೆ ಇಡುವುದು ರೂಢಿ. ಒಂದೇ ಮನೆ ಹಲವು ಚಿತ್ರಗಳಲ್ಲಿ ಹಲವು ಕೋನದಿಂದ ಕಂಡರೆ ಮಾತ್ರ ಅದರ ನಿಜವಾದ ಜಾಗ ಲೆಕ್ಕಕ್ಕೆ ಸಿಕ್ಕುತ್ತದೆ. ಊರಿನ ನಡುವಣ ಮನೆಗೆ ಈ ಭಾಗ್ಯ ತಾನಾಗಿ ಬರುತ್ತದೆ. ಸೂರಿನ ಕೊನೆಯ ಸಾಲಿನ ಹೆಂಚಿಗೆ ಹೇಗೆ ಆಸರೆ ಕಡಿಮೆಯೋ, ಅಂಚಿನ ಮನೆಗೆ ಹಾಗೆಯೇ ಚಿತ್ರ ಕಡಿಮೆ. ಅದಕ್ಕಾಗಿಯೇ ಹಾರಾಟದ ಗೆರೆಯನ್ನು ಊರಿನ ಗೆರೆಯ ಮೇಲೆಯೇ ಎಳೆಯಕೂಡದು. ಸುತ್ತಲೂ ಒಂದೆರಡು ಸಾಲು ಹೆಚ್ಚಿಗೆ ಹಾರುವಷ್ಟು ಹೊರಕ್ಕೆ ತಳ್ಳಬೇಕು. ಊರಿನ ಅಂಚಿನಲ್ಲಿ ಯಾರಿರುತ್ತಾರೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಕೊನೆಗೆ ಬಂದವರು, ಜಾಗ ಸಿಕ್ಕದವರು, ಕೂಲಿಯವರು. ಈ ಒಂದು ಪಟ್ಟಿ ಜಾಗವನ್ನು ಬ್ಯಾಟರಿ ಉಳಿಸಲೆಂದು ಕತ್ತರಿಸಿದರೆ ಮಸುಕಾಗುವುದು ಅವರ ಮನೆಯೇ.

ಬ್ಯಾಟರಿಗೂ ಮಿತಿಯಿದೆ. ನಾಲ್ಕು ರೆಕ್ಕೆಯ ಸಣ್ಣ ಯಂತ್ರ ಒಂದು ಬ್ಯಾಟರಿಗೆ ಅರ್ಧ ಗಂಟೆಯ ಆಸುಪಾಸು ಹಾರುತ್ತದೆ. ಆದ್ದರಿಂದ ದೊಡ್ಡ ಊರನ್ನು ತುಂಡು ಮಾಡಿಕೊಳ್ಳಬೇಕು. ತುಂಡುಗಳು ಒಂದರೊಳಗೊಂದು ಸ್ವಲ್ಪ ನುಗ್ಗಿರಬೇಕು, ನಡುವೆ ಸಂದು ಬಿಡಬಾರದು. ಕಾನೂನಿಗೂ ಮಿತಿಯುಂಟು. ೨೦೨೧ರ ಆಗಸ್ಟ್ ೨೫ರಂದು ಹೊರಟ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಹಂಚಿದವು. ಹಸಿರು ವಲಯದಲ್ಲಿ ಸಾಮಾನ್ಯ ಎತ್ತರ ನಾನೂರು ಅಡಿ, ಅಂದರೆ ಸುಮಾರು ೧೨೦ ಮೀಟರು. ವಿಮಾನ ನಿಲ್ದಾಣದ ಸುತ್ತಣ ಜಾಗಕ್ಕೆ ಬೇರೆ ಕಟ್ಟು. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಹೊರಕ್ಕೆ ತಳ್ಳಿದ ಗೆರೆ ಅಂಥ ವಲಯವನ್ನು ಮುಟ್ಟುತ್ತದೆಯೇ ಎಂದು ಹಾರುವ ದಿನವಲ್ಲ, ಕಡತ ಮಾಡುವ ದಿನವೇ ನೋಡಿಕೊಳ್ಳಬೇಕು.

ಇನ್ನೆರಡು ಕಿವಿಮಾತು ಹೇಳಿ ಈ ಭಾಗ ಮುಗಿಸುತ್ತೇನೆ. ಗೆರೆಯಲ್ಲಿ ಚುಕ್ಕಿ ಬಹಳವಾದರೆ ಕೆಲವು ಸಾಧನ ಓದುವುದಿಲ್ಲ. ಆಗ ಚುಕ್ಕಿ ಕಡಿಮೆ ಮಾಡಿ ಗೆರೆಯನ್ನು ನೇರ ಮಾಡುತ್ತಾರೆ. ನೇರ ಮಾಡುವಾಗ ಮೂಲೆ ಕತ್ತರಿಸಿಹೋಗುತ್ತದೆ. ಗೆರೆ ಹೊರಕ್ಕೆ ಸರಿದರೆ ನಾಲ್ಕು ಚಿತ್ರ ಹೆಚ್ಚು ಬಂದೀತು, ಒಳಕ್ಕೆ ಸರಿದರೆ ಮನೆ ಹೋದೀತು. ಹೊರಕ್ಕೇ ಸರಿಸತಕ್ಕದ್ದು. ಎರಡನೆಯದು ಹೆಸರು. ನಮ್ಮ ನಾಡಿನಲ್ಲಿ ಹೊಸಹಳ್ಳಿಗಳು ಎಷ್ಟು! ಹೆಸರೊಂದನ್ನೇ ನಂಬಿದರೆ ಒಂದು ಹೊಸಹಳ್ಳಿಯ ಗೆರೆ ಇನ್ನೊಂದು ಹೊಸಹಳ್ಳಿಯ ಮೇಲೆ ಹಾರೀತು. ಕಡತಕ್ಕೆ ಹಳ್ಳಿಯ ಸರ್ಕಾರಿ ಸಂಕೇತ ಸಂಖ್ಯೆಯನ್ನೂ ತಿದ್ದಿದ ತಾರೀಖನ್ನೂ ಹಾಕಬೇಕು.

ಇಷ್ಟು ಮಾಡಿದರೂ ಕೆಲಸದ ಅರ್ಧ ನೆಲದ ಮೇಲೆಯೇ ಉಳಿಯುತ್ತದೆ. ಮೇಲಿನಿಂದ ನೋಡುವ ಯಂತ್ರಕ್ಕೆ ಕಾಣುವುದು ಛಾವಣಿ, ಗೋಡೆಯಲ್ಲ. ನಿಮ್ಮ ಸೂರು ಗೋಡೆಯಿಂದ ಎರಡಡಿ ಮುಂದೆ ಚಾಚಿದ್ದರೆ ಚಿತ್ರದಲ್ಲಿ ನಿಮ್ಮ ಮನೆ ಓಣಿಯೊಳಗೆ ನುಗ್ಗಿದಂತೆ ಕಾಣುತ್ತದೆ. ಮಾವಿನ ಮರದ ಕೆಳಗಿನ ಎಲ್ಲೆ ಕಾಣುವುದೇ ಇಲ್ಲ. ಅದಕ್ಕಾಗಿಯೇ ಹಾರಾಟಕ್ಕೆ ಮುಂಚೆ ಮನೆಯವರೂ ನೆರೆಯವರೂ ನಿಂತು ಎಲ್ಲೆಯುದ್ದಕ್ಕೂ ಸುಣ್ಣದ ಪುಡಿ ಹಾಕುವ ಕ್ರಮವನ್ನು ಸ್ವಾಮಿತ್ವದಲ್ಲಿ ಇಟ್ಟಿದ್ದಾರೆ. ಸುಣ್ಣದ ಗೆರೆ ಆಕಾಶಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಒಂದು ಬುಟ್ಟಿ ಸುಣ್ಣದ ಮುಂದೆ ಇಬ್ಬರು ನೆರೆಯವರು ಒಪ್ಪಿದರೆ, ಮುಂದೆ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಒಪ್ಪದಿದ್ದರೆ ಆ ಮಾತೂ ಆಗಲೇ ಬರಹದಲ್ಲಿ ದಾಖಲಾಗಲಿ.

ಆ ಹನ್ನೊಂದು ಮನೆಗಳ ಗತಿ ಏನಾಯಿತೆಂದು ನೀವು ಕೇಳುವಿರಿ. ಹುಡುಗನೂ ನಾನೂ ಇಬ್ಬರು ಹೆಣ್ಣುಮಕ್ಕಳೂ ಹಳ್ಳ ದಾಟಿ ಕೊನೆಯ ಮನೆಯ ಹಿತ್ತಿಲವರೆಗೆ ನಡೆದೆವು. ಮೂಲೆಮೂಲೆಗೆ ನಿಂತು ಅಂಕಿ ಬರೆದುಕೊಂಡೆವು. ಗೆರೆ ಹೊರಕ್ಕೆ ಸರಿಯಿತು, ಮೇಲಿನವರ ಒಪ್ಪಿಗೆ ಬಂತು, ಹಾರಾಟವಾಯಿತು. ಹನ್ನೊಂದು ಮನೆಯೂ ಚಿತ್ರದಲ್ಲಿವೆ. ಅವರಿಗೆ ಹಕ್ಕು ಬಂದುಬಿಟ್ಟಿತೆಂದು ನಾನು ಹೇಳಲಾರೆ. ಠಾಣಾದ ಹೊರಗಿನ ನೆಲದ ಕಾನೂನು ಬೇರೆ. ಅವರ ಅರ್ಜಿಯ ವಿಚಾರಣೆ ಇನ್ನೂ ಮುಗಿದಿಲ್ಲ. ಆದರೆ ವಿಚಾರಣೆಗೆ ಹೋದಾಗ ಆ ಹೆಣ್ಣುಮಗಳು ಚಿತ್ರದ ಮೇಲೆ ಬೆರಳಿಟ್ಟು "ಇದು ನನ್ನ ಮನೆ, ಇದು ನನ್ನ ಬಚ್ಚಲು, ಇದು ನಾನು ನೆಟ್ಟ ನುಗ್ಗೆ" ಎಂದು ತೋರಿಸಿದಳು. ಅಧಿಕಾರಿ ಬಗ್ಗಿ ನೋಡಿದರು. ಗೆರೆ ಹಳ್ಳಕ್ಕೇ ನಿಂತಿದ್ದರೆ ಆ ಬೆರಳಿಗೆ ಇಡಲು ಜಾಗವಿರುತ್ತಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಹಳ್ಳಿಗೋ ವಾರ್ಡಿಗೋ ಮೋಜಣಿ ಬರುತ್ತದೆಂದು ಡಂಗುರ ಕೇಳಿದರೆ, ಹಾರುವ ದಿನ ತಲೆಯೆತ್ತಿ ನೋಡಿ ಮಕ್ಕಳಿಗೆ ತೋರಿಸಿ ಸುಮ್ಮನಾಗಬೇಡಿ. ಅದಕ್ಕೆ ಮುಂಚೆಯೇ ಪಂಚಾಯಿತಿಗೆ ಹೋಗಿ, ಪುರಸಭೆಗೆ ಹೋಗಿ. ಹಾರಾಟದ ಗೆರೆಯ ಚಿತ್ರವನ್ನು ಚಾವಡಿಯ ಗೋಡೆಗೆ ಅಂಟಿಸಿರೆಂದು ಕೇಳಿ. ಓದುಬರಹ ಬಾರದಿದ್ದರೂ ತನ್ನ ಓಣಿ ಯಾವುದೆಂದು ಹೇಳಲು ಯಾರಿಗೂ ಕಷ್ಟವಿಲ್ಲ. ಪ್ರತಿ ಓಣಿಯಿಂದ ಇಬ್ಬರು, ಅದರಲ್ಲಿ ಒಬ್ಬರು ಹೆಣ್ಣುಮಕ್ಕಳು, ಆ ಗೆರೆಯ ಮೇಲೆ ಒಂದು ಸುತ್ತು ನಡೆಯಿರಿ. ಬಿಟ್ಟುಹೋದ ಮನೆಯಿದ್ದರೆ ಬರಹದಲ್ಲಿ ಕೊಡಿ, ತಾರೀಖು ಹಾಕಿ, ಸ್ವೀಕೃತಿ ಪಡೆಯಿರಿ. ಸರ್ವೇಯರನ ಮೇಲೆ ಕೂಗಾಡಬೇಡಿ. ಅವನೂ ಸಂಬಳದ ಮನುಷ್ಯ, ದಾರಿ ತೋರಿಸಿದವರಿಗೆ ಕೃತಜ್ಞನಾಗಿಯೇ ಇರುತ್ತಾನೆ.

ಬರುವ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಗಿರಣಿ ಲೈನಿನ ಹಿಂದಿನ ಕೇರಿಯನ್ನು ಸುತ್ತಲು ಹೊರಡುತ್ತೇವೆ. ಮೋಜಣಿಗೆ ಇನ್ನೂ ದಿನ ಗೊತ್ತಾಗಿಲ್ಲ. ನಮ್ಮ ಪಟ್ಟಿ ಮೊದಲೇ ಸಿದ್ಧವಿರಲಿ. ಬರುವವರು ಒಂದು ಪೆನ್ಸಿಲು, ಎರಡು ಹಾಳೆ ತನ್ನಿ. ಅಂಕಿಯನ್ನು ಈ ಸಲ ನಾನು ಓದುವುದಿಲ್ಲ, ನಿಮ್ಮ ಮಕ್ಕಳಲ್ಲಿ ಯಾರಾದರೂ ಓದಲಿ.